ಮುರಕಲ್ಲು ಕೋರೆಯ ಹೊಂಡಕ್ಕೆ ನಮ್ಮೂರಿನ ತಾಳೆ

ಮೊದಲು ಹೆಸರಿನ ಗೊಂದಲ. ನರ್ಸರಿಗೆ ಹೋಗಿ ‘ತಾಳೆ ಗಿಡ ಉಂಟಾ’ ಎಂದು ಕೇಳಿದರೆ ಈಗ ತೋರಿಸುವುದು ಹೆಚ್ಚಾಗಿ ಎಣ್ಣೆ ತಾಳೆಯನ್ನು. ಅದು ಆಫ್ರಿಕಾ ಮೂಲದ ಮರ, ಬೇಸಗೆಯುದ್ದಕ್ಕೂ ನೀರು ಬೇಡುವ ತೋಟದ ಬೆಳೆ. ಮುರಕಲ್ಲು, ಅಂದರೆ ಕೆಂಪುಕಲ್ಲು, ತೆಗೆದು ಬಿಟ್ಟ ಹೊಂಡದಲ್ಲಿ ಅದಕ್ಕೆ ಕೆಲಸವಿಲ್ಲ. ಇಲ್ಲಿ ಹೇಳುತ್ತಿರುವುದು ಬೇರೆ ನಾಲ್ಕು ಮರಗಳ ವಿಷಯ: ಈರೋಳು (ತಿನ್ನುವ ಎಳೆಕಾಯಿಯ ತಿರುಳು) ಬಿಡುವ ತಾಳೆ, ಅಂದರೆ ತುಳುವಿನ ತಾರಿ, ಓಲೆಗರಿಯ ಶ್ರೀತಾಳೆ, ಅಂದರೆ ಪನೋಲಿ, ಬೈನೆ, ಅಂದರೆ ಈಂದು, ಮತ್ತೆ ಗುಡ್ಡದ ಕುಳ್ಳ ಈಚಲು. ಸಸ್ಯಶಾಸ್ತ್ರದ ಕಟ್ಟುನಿಟ್ಟಿನ ಲೆಕ್ಕ ಹಿಡಿದರೆ ತಾಳೆಯೂ ಶ್ರೀತಾಳೆಯೂ ಮನುಷ್ಯರ ಜೊತೆಗೇ ಹರಡಿದ ಮರಗಳು. ಯಾರೂ ನೆಡದೆ ಕಾಡಿನಲ್ಲಿ, ಗುಡ್ಡದಲ್ಲಿ ತಾವಾಗಿ ಹುಟ್ಟುವವು ಬೈನೆ ಮತ್ತು ಈಚಲು. ಆದರೂ ನಾಲ್ಕೂ ಈ ಮಳೆ, ಈ ಬಿಸಿಲಿಗೆ ಒಗ್ಗಿದವು.

ಕರಾವಳಿಯಲ್ಲಿ ಗಣಿಯಿಂದ ಹಾಳಾದ ನೆಲ ಎಂದರೆ ಮುಖ್ಯವಾಗಿ ಕೆಂಪುಕಲ್ಲಿನ ಕೋರೆ. ಮೇಲಿನ ಗಟ್ಟಿ ಹೊದಿಕೆ ಮತ್ತು ಮೇಲ್ಮಣ್ಣನ್ನು ಒಂದು ಬದಿಗೆ ದೂಡಿ, ಮೆಷಿನ್ನಿನಲ್ಲಿ ಕಲ್ಲು ಕೊಯ್ದು, ಕಲ್ಲು ಮುಗಿದು ಶೇಡಿ ಮಣ್ಣು (ಕಲ್ಲಿನಡಿಯ ಮೆತ್ತನೆ ಜೇಡಿ) ಕಂಡಾಗ ಬಿಟ್ಟು ಹೋಗುತ್ತಾರೆ. ಉಳಿಯುವುದು ಮೂರು ಬಗೆಯ ಜಾಗ. ಅಂಚಿನಲ್ಲಿ ಮೇಲ್ಮಣ್ಣು, ಒಡಕು ಕಲ್ಲು, ಕೊಯ್ದ ಹುಡಿ ಎಲ್ಲ ಕಲಸಿದ ರಾಶಿ. ಕೆಳಗೆ ಸಿಮೆಂಟಿನಂತೆ ಗಟ್ಟಿಯಾದ ತಳ. ನಡುವೆ ನೆಟ್ಟಗೆ ನಿಂತ ದರೆ. ಮೂರಕ್ಕೂ ಒಂದೇ ಗಿಡ, ಒಂದೇ ಅಳತೆಯ ಗುಂಡಿ ಎಂದು ಹೊರಟರೆ ಮೊದಲ ಮಳೆಗಾಲದಲ್ಲೇ ಅರ್ಧ ಹೋಗುತ್ತದೆ, ಉಳಿದರ್ಧ ಮಾರ್ಚಿನಲ್ಲಿ. ವನಮಹೋತ್ಸವದ ದಿನ ಫೋಟೊ ತೆಗೆದು ಬರುವವರಿಗೆ ಈ ಎರಡನೆಯ ಅರ್ಧ ಕಾಣುವುದೇ ಇಲ್ಲ.

ತಾಳೆ ಕುಲದ ಮರಗಳಿಂದ ಏನು ನಿರೀಕ್ಷಿಸಬಹುದು, ಏನು ಬಾರದು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇವಕ್ಕೆ ತಾಯಿಬೇರು ಇಲ್ಲ. ಬುಡದಿಂದ ನೂರಾರು ಹಗ್ಗದಂಥ ಬೇರುಗಳು ಸುತ್ತಲೂ ಹೊರಟು ಮಣ್ಣನ್ನು ಹಿಡಿಯುತ್ತವೆ. ಸಡಿಲ ರಾಶಿ ಮಳೆಗೆ ತೊಳೆದು ಹೋಗದಂತೆ ತಡೆಯಲು ಇದು ಚೆನ್ನಾಗಿ ಒದಗುತ್ತದೆ. ಆದರೆ ಗಾಳಿಯ ಸಾರಜನಕವನ್ನು ನೆಲಕ್ಕಿಳಿಸುವ ಶಕ್ತಿ ಇವಕ್ಕಿಲ್ಲ. ಬಿದ್ದ ಗರಿ ಬೇಗ ಕೊಳೆಯುವುದೂ ಇಲ್ಲ. ಬರೀ ತಾಳೆಯನ್ನೇ ಸಾಲಾಗಿ ಹಾಕಿದ ಕೋರೆಯಲ್ಲಿ ಹತ್ತು ವರ್ಷ ಕಳೆದರೂ ಮರದ ಬುಡದಲ್ಲಿ ಕೆಂಪು ಹುಡಿಯೇ ಇರುತ್ತದೆ. ಅಕೇಶಿಯಾ ನೆಟ್ಟು ಕಂಡ ಪಾಡನ್ನೇ ತಾಳೆ ನೆಟ್ಟೂ ಕಾಣಬೇಕಾದೀತು. ನೆಲ ಮಾಡುವ ಕೆಲಸ ಹುಲ್ಲು, ದ್ವಿದಳ ಮತ್ತು ಸೊಪ್ಪಿನ ಗಿಡಗಳದ್ದು. ತಾಳೆ ಆ ನೆಲವನ್ನು ಐವತ್ತು ನೂರು ವರ್ಷ ಹಿಡಿದು ನಿಲ್ಲುವ ಮರ.

ಇನ್ನು ಈರೋಳಿನ ತಾಳೆಯ ವಿಚಾರದಲ್ಲಿ ಎಲ್ಲವೂ ನಿಂತಿರುವುದು ಅದು ಮೊಳೆಯುವ ರೀತಿಯ ಮೇಲೆ. ಬೀಜದಿಂದ ಮೊದಲು ಹೊರಡುವುದು ಎಲೆಯಲ್ಲ. ಬೇರಿನಂತೆ ಕಾಣುವ ಒಂದು ಕೊಳವೆ ನೇರ ಕೆಳಗಿಳಿಯುತ್ತದೆ. ಭ್ರೂಣ ಅದರ ತುದಿಯಲ್ಲಿರುತ್ತದೆ. ಸಡಿಲ ಮಣ್ಣಿನಲ್ಲಿ ಅರ್ಧ ಮೀಟರ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಇಳಿದ ಮೇಲೆ ಅಲ್ಲಿ ಗೆಣಸಿನಂಥ ಗೆಡ್ಡೆ ಕಟ್ಟಿ, ಅದರೊಳಗಿಂದ ಎಲೆ ಮೇಲೆ ಹೊರಡುತ್ತದೆ. ತಮಿಳುನಾಡಿನಲ್ಲಿ ಬೇಯಿಸಿ ತಿನ್ನುವ ಪನಂಕಿಳಂಗು ಇದೇ ಗೆಡ್ಡೆ. ಮೊಳಕೆ ಎರಡು ತಿಂಗಳೊಳಗೆ ಬಂದರೂ ಮೊದಲ ಎಲೆ ನೆಲದ ಮೇಲೆ ಕಾಣಲು ಹಲವು ತಿಂಗಳು ಬೇಕು. ಇದರಿಂದ ಎರಡು ಮಾತು ಸ್ಪಷ್ಟ. ಒಂದು, ತಾಳೆಯನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬೆಳೆಸಿ ನೆಡುವುದು ವ್ಯರ್ಥ. ತೊಟ್ಟೆಯ ತಳ ತಾಗಿ ಕೊಳವೆ ಬಾಗುತ್ತದೆ, ಕಿತ್ತು ನೆಡುವಾಗ ತುಂಡಾಗುತ್ತದೆ. ಬೀಜವನ್ನು ಇರಬೇಕಾದ ಜಾಗದಲ್ಲೇ ಊರಬೇಕು. ಎರಡು, ಒಂದು ಅಡಿ ಗುಂಡಿ ತೋಡಿ ಬೀಜ ಹಾಕಿದರೆ ಕೊಳವೆ ಕೆಳಗಿನ ಮುರಕಲ್ಲಿಗೆ ತಾಗಿ ನಿಲ್ಲುತ್ತದೆ. ಬಯಲುಸೀಮೆಯ ಕೆರೆ ಏರಿಯ ಮೆತ್ತನೆ ಮಣ್ಣಿನಲ್ಲಿ ಬೀಜ ಎಸೆದು ಮಣ್ಣು ಮುಚ್ಚಿದರೂ ನಡೆದೀತು, ಕೋರೆಯ ತಳದಲ್ಲಿ ನಡೆಯದು.

ಹಾಗಾಗಿ ತಳದಲ್ಲಿ ಗುಂಡಿ 45 ಸೆಂ.ಮೀ. ಅಗಲ, 45 ಸೆಂ.ಮೀ. ಉದ್ದ, 1 ಮೀಟರ್ ಆಳ. ಹಾರೆಯಿಂದ ಇದು ಆಗುವ ಕೆಲಸವಲ್ಲ. ಹಿಟಾಚಿಗೆ ಬ್ರೇಕರ್ ಹಾಕಿಸಿ ಒಡೆಸಬೇಕು. ಒಡೆಸುವಾಗ ಗುಂಡಿಯ ಗೋಡೆ ನುಣ್ಣಗಾಗದಂತೆ ನೋಡಿಕೊಳ್ಳಿ, ಒರಟಾಗಿ ಬಿರುಕು ಬಿಟ್ಟಿದ್ದರೆ ಬೇರಿಗೆ ದಾರಿ. ಇಷ್ಟಾದ ಮೇಲೆ ಎಲ್ಲರೂ ಬಿಟ್ಟುಬಿಡುವ ಒಂದು ಪರೀಕ್ಷೆ ಉಂಟು. ಸಂಜೆ ಪ್ರತಿ ಗುಂಡಿಗೆ ಎರಡು ಕೊಡಪಾನ, ಅಂದಾಜು 40 ಲೀಟರ್ ನೀರು ಸುರಿಯಿರಿ. ಮರುದಿನ ಬೆಳಗ್ಗೆ ನೀರು ಹಾಗೇ ನಿಂತಿದ್ದರೆ ಅದು ಗುಂಡಿಯಲ್ಲ, ತೊಟ್ಟಿ. ಕೆಳಗೆ ಶೇಡಿ ಮಣ್ಣಿನ ಪದರ ಇದ್ದಲ್ಲಿ ಹೀಗಾಗುತ್ತದೆ. ಜೂನ್ ಹದಿನೈದರ ಹೊತ್ತಿಗೆ ಅದು ತುಂಬಿ, ಅಕ್ಟೋಬರ್‌ವರೆಗೆ ತುಂಬಿಯೇ ಇದ್ದು, ಬೀಜ ಕೊಳೆಯುತ್ತದೆ. ತಗ್ಗಿನ ಬದಿಗೆ ಒಂದು ಗೇಣು ಅಗಲದ ಕಣಿ ಕಡಿದು ಗುಂಡಿಯ ತಳದಿಂದಲೇ ನೀರು ಹೊರಗೆ ಹೋಗುವಂತೆ ಮಾಡಬೇಕು. ಆ ಇಳಿಜಾರು ಸಿಗದಿದ್ದರೆ ಗುಂಡಿಯನ್ನು ಕೈಬಿಡಿ. ಮೂರುವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ನಾಲ್ಕು ತಿಂಗಳಲ್ಲಿ ಸುರಿದು ಮತ್ತೆ ಐದಾರು ತಿಂಗಳು ಹನಿ ಬೀಳದ ಊರಿನಲ್ಲಿ, ಒಂದೇ ಗುಂಡಿ ಮುಳುಗಿಸಲೂಬಹುದು, ಒಣಗಿಸಲೂಬಹುದು.

ಒಂದು ಗುಂಡಿಗೆ ಸುಮಾರು 200 ಲೀಟರ್ ಮಣ್ಣು ಹಿಡಿಯುತ್ತದೆ. ಅಂಚಿನ ರಾಶಿಯಿಂದ ಜರಡಿ ಹಿಡಿದ ಮಣ್ಣು 120 ಲೀಟರ್, ಪೂರ್ತಿ ಕೊಳೆತ ಹಟ್ಟಿಗೊಬ್ಬರ 50 ಲೀಟರ್, ಸುಡುಮಣ್ಣು 30 ಲೀಟರ್, ರಾಕ್ ಫಾಸ್ಫೇಟ್ ಕಾಲು ಕೆ.ಜಿ. ‘ಪೂರ್ತಿ ಕೊಳೆತ’ ಎಂಬುದನ್ನು ಒತ್ತಿ ಹೇಳಬೇಕು. ಅರೆಕೊಳೆತ ಗೊಬ್ಬರದಲ್ಲಿ ಕುರುವಾಯಿ (ಕೊಂಬಿನ ದುಂಬಿ) ಮೊಟ್ಟೆಯಿಟ್ಟು ಬೆಳೆಯುತ್ತದೆ, ಮುಂದೆ ಅದೇ ಮರದ ಸುಳಿ ಕೊರೆಯುವುದು ಅದರ ಮಕ್ಕಳೇ. ಸುಣ್ಣದ ವಿಷಯದಲ್ಲಿ ಕೈ ಬಿಗಿಹಿಡಿಯಿರಿ. ಮುರಮಣ್ಣು ಹುಳಿ, ನಿಜ. ಕಬ್ಬಿಣ, ಅಲ್ಯೂಮಿನಿಯಂ ತುಂಬಿ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದೂ ನಿಜ. ಆದರೆ ರಾಕ್ ಫಾಸ್ಫೇಟ್ ಕರಗಲು ಆ ಹುಳಿಯೇ ಬೇಕು. ಮಣ್ಣಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5ಕ್ಕಿಂತ ಮೇಲಿದ್ದರೆ ಸುಣ್ಣ ಬೇಡ. ಕೆಳಗಿದ್ದರೆ ಮೇಲಿನ ಒಂದೂವರೆ ಅಡಿ ಮಣ್ಣಿಗೆ ಮಾತ್ರ ಕಾಲು ಕೆ.ಜಿ. ಚಿಪ್ಪುಸುಣ್ಣ ಕಲಸಿ, ಹದಿನೈದು ದಿನ ಬಿಟ್ಟು ಗೊಬ್ಬರ ಸೇರಿಸಿ. ಎರಡನ್ನೂ ಒಂದೇ ದಿನ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಮಣ್ಣು ಪರೀಕ್ಷೆಗೆ ದೂರ ಹೋಗಬೇಕಿಲ್ಲ, ಮಂಗಳೂರಿನ ಕಂಕನಾಡಿಯಲ್ಲೂ ಬ್ರಹ್ಮಾವರದಲ್ಲೂ ಕೃಷಿ ವಿಜ್ಞಾನ ಕೇಂದ್ರಗಳಿವೆ. ಸ್ಯಾಂಪಲ್ ತೆಗೆಯುವಾಗ ರಾಶಿಯದ್ದನ್ನೂ ತಳದ್ದನ್ನೂ ಬೇರೆ ಬೇರೆ ತೊಟ್ಟೆಯಲ್ಲಿ ಕೊಡಿ. ಎರಡನ್ನೂ ಕಲಸಿ ಕೊಟ್ಟರೆ ಬರುವ ಅಂಕಿ ಯಾವುದಕ್ಕೂ ಅನ್ವಯಿಸದು.

ಕಾಲದ ಲೆಕ್ಕ ಹೀಗೆ. ಅಗೆಯುವುದು ತುಳು ತಿಂಗಳು ಪಗ್ಗುವಿನಲ್ಲಿ (ಏಪ್ರಿಲ್-ಮೇ), ತುಂಬಿಸುವುದು ಬೇಶದಲ್ಲಿ (ಮೇ-ಜೂನ್) ಮಳೆ ಹಿಡಿಯುವ ಮೊದಲು. ಮಳೆಗಾಲವಿಡೀ ಅದನ್ನು ಹಾಗೇ ಬಿಡಿ. ಮಣ್ಣು ಒಂದು ಗೇಣು ಕುಸಿಯುತ್ತದೆ, ಮೇಲಿಂದ ಮತ್ತೆ ತುಂಬಿಸಬೇಕು. ತುಂಬಿಸಿದ ಕೂಡಲೇ ಬೀಜ ಊರಿದರೆ ಬೀಜವೂ ಜೊತೆಗೇ ಕುಸಿದು, ಮೇಲೆ ನೀರು ನಿಂತು ಕೊಳೆಯುತ್ತದೆ. ಸೋಣ ತಿಂಗಳ (ಆಗಸ್ಟ್-ಸೆಪ್ಟೆಂಬರ್) ಹೊತ್ತಿಗೆ ಹಣ್ಣಾಗಿ ತಾನಾಗಿ ಬಿದ್ದ ತಾಳೆಯನ್ನೇ ಹೆಕ್ಕಿ. ಕೊಯ್ದ ಕಾಯಿ ಬೇಡ. ಒಂದು ಹಣ್ಣಿನಲ್ಲಿ ಒಂದರಿಂದ ಮೂರು ಬೀಜ. ನೆರಳಿನಲ್ಲಿ ವಾರ ರಾಶಿ ಹಾಕಿದರೆ ತಿರುಳು ಕೊಳೆತು ಬಿಡುತ್ತದೆ. ತಿಕ್ಕಿ ತೊಳೆದು, ನೀರಿನಲ್ಲಿ ತೇಲುವುದನ್ನು ಬಿಸಾಡಿ, ಉಳಿದುದನ್ನು ನಾಲ್ಕು ಬೆರಳು ಆಳಕ್ಕೆ ಊರಿ. ಗುಂಡಿಗೆ ಎರಡು ಬೀಜ, ನಡುವೆ ಒಂದು ಗೇಣು. ತಾಳೆಯಲ್ಲಿ ಗಂಡು ಹೆಣ್ಣು ಬೇರೆ ಬೇರೆ ಮರ, ಹೂ ಬಿಡುವವರೆಗೆ ಯಾವುದು ಯಾವುದೆಂದು ಗೊತ್ತಾಗದು, ಅದಕ್ಕೆ ಹನ್ನೆರಡು ವರ್ಷದ ಮೇಲೆಯೇ ಬೇಕು. ಈರೋಳಿನ ಆಸೆ ಇದ್ದವರು ಇಷ್ಟು ತಾಳ್ಮೆಯನ್ನೂ ಜೊತೆಗೆ ಊರಬೇಕು. ಅಂತರ 5 ಮೀಟರ್. ಎಕರೆಗೆ 160 ಗುಂಡಿ. ತೋಟದ ಲೆಕ್ಕದಲ್ಲಿ 3 ಮೀಟರಿಗೆ ಹಾಕುವವರಿದ್ದಾರೆ, ಆದರೆ ಇಲ್ಲಿ ನಡುವಿನ ಜಾಗ ಬೇರೆ ಗಿಡಗಳಿಗೆ ಬೇಕು.

ಊರಿದ ಮೇಲಿನ ದೊಡ್ಡ ಶತ್ರು ಹಂದಿ. ನವೆಂಬರ್, ಡಿಸೆಂಬರಿನಲ್ಲಿ ಗೆಡ್ಡೆ ಕಟ್ಟುವ ಹೊತ್ತಿಗೆ ಕಾಡುಹಂದಿಗೆ, ಮುಳ್ಳುಹಂದಿಗೆ ವಾಸನೆ ಹತ್ತುತ್ತದೆ, ಒಂದೇ ರಾತ್ರಿಯಲ್ಲಿ ಸಾಲಿಗೆ ಸಾಲೇ ಬಗೆದು ಹಾಕುತ್ತವೆ. ಇದಕ್ಕೆ ಬೇಕಾದದ್ದು ಕೋರೆಯಲ್ಲೇ ಬಿದ್ದುಕೊಂಡಿದೆ. ಮಾರಲಾಗದ ಒಡಕು ಕಲ್ಲುಗಳನ್ನು ಗುಂಡಿಯ ಸುತ್ತ ಒತ್ತೊತ್ತಾಗಿ ಹೂತು, ನಡುವೆ ಅಂಗೈಯಗಲ ಮಾತ್ರ ತೆರೆದಿಟ್ಟು, ಮೇಲೆ ಚೂರಿಮುಳ್ಳಿನ ಗೆಲ್ಲು ಹೇರಿ. ಎಲೆ ಮೇಲೆ ಬಂದ ಮೇಲೆ ದನ ಕಚ್ಚಿದರೂ ಗಾಬರಿ ಬೇಡ: ತಾಳೆಯ ಸುಳಿ ಮೊದಲ ಕೆಲವು ವರ್ಷ ನೆಲದೊಳಗೇ ಇರುತ್ತದೆ, ಮತ್ತೆ ಚಿಗುರುತ್ತದೆ. ಇದೇ ಕಾರಣಕ್ಕೆ ಹಲವು ವರ್ಷ ಕಾಂಡವೇ ಕಾಣುವುದಿಲ್ಲ, ನೆಲದಿಂದ ಬೀಸಣಿಗೆ ಎದ್ದಂತೆ ನಾಲ್ಕೈದು ಗರಿ ಅಷ್ಟೇ. ‘ಬೆಳೆಯುವುದೇ ಇಲ್ಲ’ ಎಂದು ಕಿತ್ತು ಹಾಕಿ ಗಾಳಿಮರ ನೆಡಲು ಹೊರಡುವುದು ಈ ಹಂತದಲ್ಲೇ.

ನೀರು ಎರಡು ಬೇಸಗೆ ಸಾಕು. ಫೆಬ್ರವರಿಯಿಂದ ಮೇ ಕೊನೆಯವರೆಗೆ ವಾರಕ್ಕೊಮ್ಮೆ ಗುಂಡಿಗೆ 10 ಲೀಟರ್. ಎಕರೆಗೆ ವಾರಕ್ಕೆ 1,600 ಲೀಟರ್ ಆಯಿತು. ಕೋರೆಯ ಮೂಲೆಯ ಹೊಂಡದಲ್ಲಿ ಮಳೆನೀರು ನಿಂತಿದ್ದರೆ ಅದನ್ನೇ ಪಂಪಿನಲ್ಲಿ ಎತ್ತಬಹುದು (ಆ ಹೊಂಡಕ್ಕೆ ಬೇಲಿ ಮೊದಲು, ಪಂಪು ಆಮೇಲೆ, ಮಕ್ಕಳು ಬೀಳುವ ಜಾಗ ಅದು). ದಿನಾ ಚಿಮುಕಿಸುವ ಅಭ್ಯಾಸ ಬೇಡ, ಬೇರು ಮೇಲೇ ಉಳಿಯುತ್ತದೆ. ಬುಡಕ್ಕೆ ತೆಂಗಿನ ಸಿಪ್ಪೆಯನ್ನು ಬೆನ್ನು ಮೇಲಾಗಿ ಹಾಸಿ. ಅಂಗಾತ ಹಾಸಿದರೆ ಮಳೆಗಾಲದಲ್ಲಿ ಪ್ರತಿ ಸಿಪ್ಪೆಯೂ ಸೊಳ್ಳೆಯ ಬಟ್ಟಲು. ಸಿಪ್ಪೆಗೆ ಗೆದ್ದಲು ಬಂದೇ ಬರುತ್ತದೆ, ಹಾಗಾಗಿ ಸುಳಿಯಿಂದ ಒಂದು ಗೇಣು ದೂರ ಬಿಡಿ.

ಅಂಚಿನ ರಾಶಿಯ ಕಥೆ ಬೇರೆ. ಅಲ್ಲಿ ಮಣ್ಣು ಸಡಿಲ, ಆಳಕ್ಕೆ ಅಗೆಯುವ ಕಷ್ಟವಿಲ್ಲ, ಆದರೆ ಜರಿಯುತ್ತದೆ. ಮೊದಲ ವರ್ಷ ಮರದ ಹೆಸರೆತ್ತಬೇಡಿ. ರಾಶಿಯ ಇಳಿಜಾರಿಗೆ ಅಡ್ಡಲಾಗಿ ಲಾವಂಚದ ಸಾಲು, ಸಾಲಿನಲ್ಲಿ ಬುಡದಿಂದ ಬುಡಕ್ಕೆ 10ರಿಂದ 15 ಸೆಂ.ಮೀ., ಒಂದು ಸಾಲಿಗಿಂತ ಇನ್ನೊಂದು 1 ಮೀಟರ್ ತಗ್ಗಿನಲ್ಲಿ. ನಡುವೆ ಜೂನ್ ಮೊದಲ ವಾರ ಸೆಣಬು ಎರಚಿ, ಮಳೆ ಕಡಿಮೆಯಾದ ಮೇಲೆ ಹುರುಳಿ. ರಬ್ಬರ್ ತೋಟದ ಮ್ಯೂಕುನಾ ಬಳ್ಳಿ ಬೇಗ ಹಬ್ಬುತ್ತದೆಂದು ತಂದು ಹಾಕಬೇಡಿ, ಒಂದೇ ಸುಳಿಯ ಸಣ್ಣ ತಾಳೆಯನ್ನು ಅದು ಮುಚ್ಚಿ ಕೊಲ್ಲುತ್ತದೆ. ಗೊಬ್ಬರದ ಗಿಡ ಗ್ಲಿರಿಸೀಡಿಯಾದ ಐದಡಿ ಗೂಟ ಊರಿದರೆ ವರ್ಷಕ್ಕೆ ಎರಡು ಸಲ ಸೊಪ್ಪು ಕಡಿದು ಹಾಕಬಹುದು. ಪರದೇಶದ ಗಿಡ ಎಂದು ಮೂಗು ಮುರಿಯುವವರು ಹಾಲುವಾಣ, ಹೊಂಗೆ ಹಾಕಲಿ, ಸೊಪ್ಪು ಸ್ವಲ್ಪ ತಡವಾದೀತು ಅಷ್ಟೇ.

ಎರಡನೆಯ ಮಳೆಗೆ ರಾಶಿಯ ಮೇಲೆ ಈಚಲು. ಇದು ಮುಳಿಹುಲ್ಲಿನ ಗುಡ್ಡಗಳ ಕುಳ್ಳ ಈಚಲು, ಬಯಲುಸೀಮೆಯ ಎತ್ತರದ ಈಚಲಲ್ಲ. ಆ ಎತ್ತರದ್ದಕ್ಕೆ ಇಲ್ಲಿಯ ಮಳೆ ಹಿಡಿಸದು. ಕುಳ್ಳ ಈಚಲಿನ ಬೀಜ ಸಣ್ಣದು, ಒಂದೆರಡು ಇಂಚು ಆಳ, ಎರಡು ಮೂರು ತಿಂಗಳಲ್ಲಿ ಮೊಳಕೆ. ಗುಡ್ಡಕ್ಕೆ ಬೆಂಕಿ ಬಿದ್ದರೂ ಬುಡದಿಂದ ಚಿಗುರುವುದು ಇದರ ದೊಡ್ಡ ಗುಣ. ಹಾಗೆಂದು ಬೆಂಕಿಗೆ ಬಿಡಬೇಕೆಂದಲ್ಲ, ಡಿಸೆಂಬರಿನಲ್ಲೇ ಸುತ್ತ 3 ಮೀಟರ್ ಹುಲ್ಲು ಕೆತ್ತಿ ಬೆಂಕಿರೇಖೆ ಮಾಡಿ.

ದರೆಯ ತುದಿಯಲ್ಲಿ ಯಾವ ಮರವೂ ಬೇಡ. ತಾಳೆ ಮಣ್ಣು ಹಿಡಿಯುತ್ತದೆ ಎಂದೆನಲ್ಲ, ಅದು ಮೇಲಿನ ಮಣ್ಣನ್ನು. ಕೆಳಗೆ ಶೇಡಿ ಮಣ್ಣು ನೀರು ಕುಡಿದು ಕರಗಿದಾಗ ದರೆ ಮರದ ಸಮೇತ ಜರಿಯುತ್ತದೆ. ತುದಿಯಿಂದ ಕನಿಷ್ಠ 5 ಮೀಟರ್ ಹಿಂದೆ ಒಂದು ಕಣಿ ತೆಗೆದು ಮೇಲಿನ ನೀರನ್ನು ಬದಿಗೆ ತಿರುಗಿಸಿ. ದರೆಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನಿಲ್ಲ.

ಶ್ರೀತಾಳೆಗೆ ಜಾಗ ಆರಿಸುವಾಗ ಧಾರಾಳ ಬೇಕು. ಬೆಳೆದ ಗರಿ ಐದು ಮೀಟರ್ ಅಗಲವಾಗುವ ಮರ. 10 ಮೀಟರ್ ಅಂತರ, ಗುಂಡಿ ತಾಳೆಯದ್ದೇ ಅಳತೆ. 30ರಿಂದ 80 ವರ್ಷದಲ್ಲಿ ಒಂದೇ ಸಲ ಹೂ ಬಿಟ್ಟು, ಲಕ್ಷಗಟ್ಟಲೆ ಹೂ, ಸಾವಿರಾರು ಬೀಜ ಉದುರಿಸಿ ಸಾಯುತ್ತದೆ. ಹೂ ಬಿಟ್ಟರೆ ಊರಿಗೆ ಕೇಡು ಎಂಬ ನಂಬಿಕೆಯಿಂದ ಮೊದಲೇ ಕಡಿದದ್ದೂ ಉಂಟು. ಹಾಗಾಗಿಯೇ ಬೀಜ ಸಿಗುವುದು ಅಪರೂಪ. ಎಲ್ಲಾದರೂ ಮರ ಹೂ ಬಿಟ್ಟ ಸುದ್ದಿ ಸಿಕ್ಕಿದರೆ ಬರೆದಿಟ್ಟುಕೊಳ್ಳಿ, ಬೀಜ ಬಲಿತು ಉದುರಲು ಸುಮಾರು ವರ್ಷ ಹಿಡಿಯುತ್ತದೆ. ಗೋಲಿಗಿಂತ ದೊಡ್ಡ, ದಂತದಷ್ಟು ಗಟ್ಟಿ ಬೀಜ. ಮೊಳಕೆ ಒಂದೇ ಸಲ ಬಾರದು, ಕೆಲವು ಮೂರು ತಿಂಗಳಿಗೆ, ಕೆಲವು ವರ್ಷಕ್ಕೆ. ಗುಂಡಿಗೆ ಮೂರು ಊರಿ.

ಬೈನೆಯನ್ನು ಎಲ್ಲರೂ ಮೊದಲು ನೆಡಲು ಹೊರಡುತ್ತಾರೆ, ಏಕೆಂದರೆ ನರ್ಸರಿಯಲ್ಲಿ ತೊಟ್ಟೆಯಲ್ಲಿ ಸಿಗುವುದು ಅದೊಂದೇ. ಅದು ಕೊನೆಗೆ ಬರಬೇಕಾದ್ದು. ಕಾಡಿನ ತಂಪು, ನೆರಳು, ತರಗೆಲೆಯ ನೆಲ ಬೇಡುವ ಮರವನ್ನು ಬೋಳು ಕೋರೆಯಲ್ಲಿ ನಿಲ್ಲಿಸಿದರೆ ಏಪ್ರಿಲಿಗೆ ಗರಿ ಸುಟ್ಟು ಹೋಗುತ್ತದೆ. ಹಾಲುವಾಣ, ಹೊಂಗೆ ತಲೆ ಮೇಲೆ ನೆರಳು ಕೊಡುವಷ್ಟಾದ ಮೇಲೆ, ಮೂರನೆಯ ಅಥವಾ ನಾಲ್ಕನೆಯ ಜೂನಿನಲ್ಲಿ, ಎರಡು ವರ್ಷದ ಗಿಡ ನೆಡಿ. ಬೀಜದಿಂದ ಮಾಡುವವರು ಹಣ್ಣನ್ನು ಬರಿಗೈಯಲ್ಲಿ ಹಿಸುಕಬೇಡಿ. ಸಿಪ್ಪೆಯ ತಿರುಳಿನಲ್ಲಿ ಸೂಜಿಯಂಥ ಹರಳುಗಳಿವೆ, ಗಂಟೆಗಟ್ಟಲೆ ತುರಿಕೆ. ಗ್ಲೌಸ್ ಹಾಕಿ ಹೊಯಿಗೆಯಲ್ಲಿ (ಮರಳಿನಲ್ಲಿ) ತಿಕ್ಕಿ ತೊಳೆದು ತಕ್ಷಣ ಹೊಯಿಗೆ ಮಡಿಗೆ ಹಾಕಿ, ಒಣಗಿಸಿ ಇಟ್ಟರೆ ಸಾಯುತ್ತದೆ. ಬೈನೆ ಕಾಯಿ ಬಿಡತೊಡಗಿದ ಮೇಲೆ ಪುನುಗಿನ ಬೆಕ್ಕು ತಾನೇ ಬೀಜ ಹರಡುತ್ತದೆ, ಬರುವಾಗ ಬೇರೆ ಕಾಡುಹಣ್ಣಿನ ಬೀಜವನ್ನೂ ತರುತ್ತದೆ.

ತಾಳೆ, ಶ್ರೀತಾಳೆ, ಬೈನೆ ಮೂರಕ್ಕೂ ಇರುವುದು ಒಂದೇ ಸುಳಿ. ಅದು ಕೊಳೆತರೆ ಮರವೇ ಹೋಯಿತು. 20ನೇ ಶತಮಾನದ ಆರಂಭದಲ್ಲಿ ಗೋದಾವರಿ ನದೀಮುಖದಲ್ಲಿ ಸುಳಿಕೊಳೆ ಬಂದು ತಾಳೆಗಳು ದೊಡ್ಡ ಸಂಖ್ಯೆಯಲ್ಲಿ ಸತ್ತಿದ್ದವು. ಮಳೆಗೆ ಮೊದಲು, ಆಟಿಯಲ್ಲಿ (ಜುಲೈ-ಆಗಸ್ಟ್) ಮಳೆ ಹೊಳವಾದಾಗ ಇನ್ನೊಮ್ಮೆ, ಅಡಿಕೆಗೆ ಹೊಡೆಯುವ ಅದೇ ಶೇಕಡಾ 1ರ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಸುಳಿಗೆ ಇಳಿಯುವಂತೆ ಬಿಡಿ. ಕಾಂಡ ಕಂಡ ಮೇಲೆ ಕತ್ತಿಯ ಗಾಯ ಮಾಡಬೇಡಿ, ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರುತ್ತದೆ.

ಎರಡು ಕಡೆ ಈ ಲೆಕ್ಕ ನಡೆಯದು. ಕುದುರೆಮುಖದ ಲಖ್ಯಾ ಅಣೆಕಟ್ಟಿನ ಹಿಂದೆ ತುಂಬಿರುವುದು ಮುರಮಣ್ಣಲ್ಲ, ಕಬ್ಬಿಣ ತೆಗೆದು ಉಳಿದ ನುಣ್ಣನೆಯ ಸಿಲಿಕಾ ಹುಡಿ. ಅಲ್ಲಿಯ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಒದ್ದೆಯಾದಾಗ ಕೆಸರು, ಒಣಗಿದಾಗ ಧೂಳು ಆಗುವ ಆ ಹುಡಿಯಲ್ಲಿ ಗುಂಡಿಯೇ ನಿಲ್ಲದು. ಅಲ್ಲಿ ಮೊದಲು ಬೇಕಾದ್ದು ವರ್ಷಗಟ್ಟಲೆ ಹುಲ್ಲು, ಅದರ ನಿರ್ಧಾರವೂ ಅರಣ್ಯ ಇಲಾಖೆಯದ್ದು. ಇನ್ನೊಂದು, ಕಲ್ಲು ತೆಗೆಯದ ಪದವು, ಅಂದರೆ ಮುರಕಲ್ಲಿನ ಬಯಲು. ಬೋಳಾಗಿ ಕಾಣುತ್ತದೆಂದು ಅದರ ಮೇಲೆ ತಾಳೆ ಊರಬೇಡಿ. ಮಳೆಗಾಲದ ಪಳ್ಳಗಳ ಸುತ್ತ ಕೀಟ ತಿನ್ನುವ ಡ್ರೊಸೆರಾ, ಯೂಟ್ರಿಕ್ಯುಲೇರಿಯಾ ಅರಳುವ ನೆಲ ಅದು, ಹಾಳಾದದ್ದಲ್ಲ. ನೆರಳು ಬಿದ್ದರೆ ಹಾಳಾಗುತ್ತದೆ.

ಎರಡನೆಯ ಸೋಣದಲ್ಲಿ ಎಲೆ ಬಾರದ ಗುಂಡಿಗಳಿಗೆ ಮತ್ತೆ ಬೀಜ ಹಾಕುವ ಮೊದಲು ನಾಲ್ಕೈದನ್ನು ಅಗೆದು ನೋಡಿ. ಕೊಳವೆ ಇಳಿದು ಒಂದಡಿಯಲ್ಲಿ ಅಡ್ಡ ತಿರುಗಿದ್ದರೆ ತಳ ಒಡೆದದ್ದು ಸಾಲದು. ಬೀಜ ಕಪ್ಪಾಗಿ ನಾರುತ್ತಿದ್ದರೆ ನೀರು ನಿಂತಿದೆ, ಕಣಿ ಕಡಿಯಬೇಕು. ಕೊಳವೆ ನೆಟ್ಟಗೆ ಇಳಿದು ಗೆಡ್ಡೆ ಸುಕ್ಕಾಗಿದ್ದರೆ ಬೇಸಗೆಯ ನೀರು ತಪ್ಪಿದೆ. ಏನೂ ಇಲ್ಲದೆ ಮಣ್ಣು ಮಾತ್ರ ಮೆತ್ತಗಿದ್ದರೆ ಹಂದಿ, ಇನ್ನೊಂದು ಸುತ್ತು ಕಲ್ಲು ಹೂಳಿ.